ಕಪ್ಪು ಪೆಡಲಿನ ಎಡ ನಾಬ್

ಹಾಡುವವಳಿಗೆ ಬೇಸ್ ಗಿಟಾರಿನ ತಳದ ಸದ್ದಿನ ಮೇಲೆ ಇಷ್ಟೊಂದು ಅಕ್ಕರೆ ಯಾಕೆ? ಅಕ್ಕನ ತಲೆಗೆ ಹುಳ ಹೊಕ್ಕಿದ್ದು ಇಲ್ಲಿಂದಲೇ.

ಶುಕ್ರವಾರ ಸಂಜೆ ಮೂವರೂ ರಿಪೇರಿ ಮಾಮನ ವಾದ್ಯಗಳ ಅಂಗಡಿಗೆ ಹೋಗಿದ್ದರು. ಅಕ್ಕ, ಅವಳ ತಮ್ಮ, ತಮ್ಮನ ಹೆಂಡತಿ. ಮೂವರದ್ದೇ ಒಂದು ಬ್ಯಾಂಡ್. ಅಕ್ಕನದು ಬೇಸ್ ಗಿಟಾರ್, ತಮ್ಮನದು ಡ್ರಮ್ಸ್, ಹಾಡುವುದು ತಮ್ಮನ ಹೆಂಡತಿ. ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಾರೆ. ಆಳು ಗುಬ್ಬಿಯಷ್ಟೇ ಇದ್ದಾಳೆ, ಗಂಟಲು ಮಾತ್ರ ಬೀದಿಯ ಆ ತುದಿಯಲ್ಲಿ ಮಲಗಿದವರನ್ನೂ ಎಬ್ಬಿಸಿ ಕೂರಿಸುತ್ತದೆ.

ಮೊದಲು ನಾಲ್ವರಿದ್ದರು. ಗಿಟಾರ್ ನುಡಿಸುತ್ತಿದ್ದ ಉದ್ದಣ್ಣನನ್ನು ಅಕ್ಕನೇ ಹೊರಗೆ ಹಾಕಿದ್ದಳು. ಎರಡು ಕಾರ್ಯಕ್ರಮಗಳಲ್ಲಿ ಅವನು ತಾಳಕ್ಕೆ ನಿಲ್ಲಲಿಲ್ಲ ಎಂಬುದು ಅವಳ ದೂರು. ಎಲ್ಲರ ಎದುರೇ ಉಗಿದಳು. ಉದ್ದಣ್ಣ ಎದುರು ಮಾತಾಡದೆ ಗಿಟಾರನ್ನು ಚೀಲಕ್ಕೆ ತುಂಬಿಕೊಂಡು ಹೋದ. ಅಷ್ಟು ಸುಲಭವಾಗಿ ಹೋದನಲ್ಲ ಎಂದು ಅಕ್ಕನಿಗೆ ಅದರ ಮೇಲೂ ಒಂದು ಗುಮಾನಿ ಇದೆ. ಅವಳ ಗುಮಾನಿಗಳಿಗೆಲ್ಲ ಒಂದು ಅಲಮಾರು ಬೇಕು.

ಹೊಟ್ಟೆಪಾಡಿಗೆ ಅವಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾಳೆ. ಪಕ್ಕದಲ್ಲಿ ಕೂತವನು ಯಾವ ಕ್ಷಣದಲ್ಲಿ ಏನು ಎಡವಟ್ಟು ಮಾಡುತ್ತಾನೋ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂರುವುದೇ ಆ ಕೆಲಸ. ದಿನವಿಡೀ ಮೂರು ಕನ್ನಡಿ ನೋಡಿ ನೋಡಿ, ಮನೆಗೆ ಬಂದ ಮೇಲೂ ಆ ಕಣ್ಣು ಸುಮ್ಮನಿರುವುದಿಲ್ಲ.

ಗಿಟಾರ್ ಹೋದ ಮೇಲೆ ಹಾಡುಗಳ ನಡುವೆ ದೊಡ್ಡ ಖಾಲಿ ಜಾಗ ಬಿತ್ತು. ತಿಂಗಳ ಕೊನೆಗೆ ಹೊಸ ಕ್ರೀಡಾಂಗಣದ ಉದ್ಘಾಟನೆಯ ಸಂಜೆ ನುಡಿಸಬೇಕು. ಅಷ್ಟೊಂದು ಜನರ ಎದುರು ಅವರು ಯಾವತ್ತೂ ನಿಂತವರಲ್ಲ. ಆ ಜಾಗವನ್ನು ಬೇಸೇ ತುಂಬಬೇಕಾದರೆ ಅದಕ್ಕೊಂದು ಡಿಸ್ಟಾರ್ಶನ್ ಪೆಡಲ್ ಬೇಕು.

ಪೆಡಲ್ ಎಂದರೆ ಕಾಲಲ್ಲಿ ಒತ್ತುವ ಒಂದು ಕಬ್ಬಿಣದ ಡಬ್ಬಿ. ಬೇಸಿನ ಸ್ವರ ಇದರೊಳಗೆ ಹೊಕ್ಕು ಹರಿದು ಚಿಂದಿಯಾಗಿ, ಗರಗರ ಅರಚುತ್ತ ಹೊರಬರುತ್ತದೆ. ಗಿಟಾರಿಗಾದರೆ ಅಷ್ಟು ಸಾಕು. ಬೇಸಿಗೆ ಸಾಲದು. ಹರಿದ ಸ್ವರದಲ್ಲಿ ಅರಚಾಟ ಉಳಿದು, ನೆಲ ನಡುಗಿಸುವ ಭಾರ ಎತ್ತಲೋ ಹೋಗಿಬಿಡುತ್ತದೆ. ಅದಕ್ಕೇ ಕೆಲವು ಪೆಡಲುಗಳಲ್ಲಿ ಒಂದು ಉಪಾಯ ಮಾಡಿರುತ್ತಾರೆ. ಒಳಗೆ ಬಂದ ಸ್ವರ ಎರಡು ದಾರಿ ಹಿಡಿಯುತ್ತದೆ. ಒಂದನ್ನು ಹರಿಯುತ್ತಾರೆ, ಇನ್ನೊಂದನ್ನು ಮುಟ್ಟದೆ ಇದ್ದ ಹಾಗೇ ಬಿಡುತ್ತಾರೆ, ಕೊನೆಗೆ ಎರಡನ್ನೂ ಬೆರೆಸಿ ಆಚೆ ಕಳಿಸುತ್ತಾರೆ. ಆ ಮುಟ್ಟದೆ ಬಿಟ್ಟ ಸ್ವರಕ್ಕೆ ಕ್ಲೀನ್ ಎನ್ನುತ್ತಾರೆ.

ಮಾಮ ಮೂರು ಪೆಡಲ್ ತೆಗೆದು ಮೇಜಿನ ಮೇಲಿಟ್ಟರು. ಕೆಂಪು ಪೆಡಲಿನಲ್ಲಿ ಕ್ಲೀನ್ ಎಂಬುದೇ ಇಲ್ಲ, ಬರೀ ಅರಚಾಟ. ಬಿಳಿಯದರಲ್ಲಿ ಎರಡಕ್ಕೂ ಸೇರಿ ತಿರುಗಿಸುವ ಒಂದೇ ನಾಬ್, ತಕ್ಕಡಿಯ ಹಾಗೆ: ಆ ಕಡೆ ಏರಿಸಿದರೆ ಈ ಕಡೆ ಇಳಿಯುತ್ತದೆ. ಕಪ್ಪಿನಲ್ಲಿ ಎರಡು ನಾಬ್. ಎಡಗಡೆಯದು ಕ್ಲೀನಿಗೆ, ಬಲಗಡೆಯದು ಅರಚಾಟಕ್ಕೆ, ಒಂದರ ಹಂಗು ಇನ್ನೊಂದಕ್ಕಿಲ್ಲ.

ಅಕ್ಕ ಅಂಗಡಿಯ ಆಂಪಿಗೆ, ಅಂದರೆ ಸದ್ದು ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆಗೆ, ಕೇಬಲ್ ಚುಚ್ಚಿ ಕೆಂಪನ್ನು ಒತ್ತಿದಳು. ಆ ಗರ್ಜನೆಗೆ ಗಾಜಿನ ಕಪಾಟು ಜುಂ ಎಂದಿತು. ಅವಳು ಅಲ್ಲೇ ಮನಸೋತಳು.

"ಇದು ಬೇಡ ಅಕ್ಕ," ಎಂದಳು ಗುಬ್ಬಿ.

"ಯಾಕೆ?"

"ತಳ ಹೋಗುತ್ತೆ. ಕ್ಲೀನ್ ಇರೋದನ್ನೇ ತಗೊಳ್ಳಿ. ಆ ಕಪ್ಪು ನೋಡಿ."

"ನಿನಗೆ ಯಾವಾಗಿಂದ ತಳದ ಚಿಂತೆ? ಮೊನ್ನೆ ಮೊನ್ನೆವರೆಗೂ ನಾನು ನುಡಿಸ್ತಿದ್ದೀನೋ ಇಲ್ವೋ ಅನ್ನೋದೇ ನಿನಗೆ ಗೊತ್ತಿರ್ತಿರಲಿಲ್ಲ."

ಗುಬ್ಬಿ ನಕ್ಕು ತೇಲಿಸಿದಳು. ಆದರೆ ನಗುವ ಮೊದಲು ಒಮ್ಮೆ ಗಂಡನ ಮುಖ ನೋಡಿದಳು. ಕನ್ನಡಿ ನೋಡುವ ಕಣ್ಣಿಗೆ ಅದು ತಪ್ಪಲಿಲ್ಲ.

ತಮ್ಮನೋ, ಸುಸ್ತಾದವನ ಹಾಗೆ ಆಂಪಿನ ನೆತ್ತಿಗೆ ಅಂಗೈ ಊರಿಕೊಂಡು ನಿಂತಿದ್ದ. ಅಕ್ಕ ಅವನ ಕಿವಿ ನೋಡಿದಳು. ಬೈಸಿಕೊಂಡರೆ, ಸುಳ್ಳು ಹೇಳಿದರೆ, ಅವನ ಕಿವಿ ಕೆಂಪಾಗುವುದು ಹುಟ್ಟಿದಂದಿನಿಂದ ಇರುವ ಗುಣ. ಚಿಕ್ಕವನಿದ್ದಾಗ ಅವನ ಕಳ್ಳತನಗಳನ್ನೆಲ್ಲ ಅವಳು ಹಿಡಿಯುತ್ತಿದ್ದದ್ದು ಆ ಕಿವಿ ನೋಡಿಯೇ. ಈಗ ಅವು ಕೆಂಪಾಗಿರಲಿಲ್ಲ. ಕಲಿತುಬಿಟ್ಟಿದ್ದಾನೆ, ಎಂದುಕೊಂಡಳು.

"ಮೂರನ್ನೂ ತಗೊಂಡು ಹೋಗಮ್ಮ," ಎಂದರು ಮಾಮ. "ಅಂಗಡೀಲಿ ಒಂಟಿಯಾಗಿ ಕೇಳಿದ್ರೆ ಎಲ್ಲಾನೂ ಚೆನ್ನಾಗೇ ಇರುತ್ತೆ. ಬ್ಯಾಂಡ್ ಜೊತೆ ನುಡಿಸಿ ನೋಡಿ. ಬೇಡದ್ದನ್ನ ವಾಪಸ್ ತಂದ್ಕೊಡಿ."

ಶನಿವಾರ ಎರಡನೆಯ ಹುಳ ಹೊಕ್ಕಿತು. ಅಕ್ಕ ಒಬ್ಬ ನಡುವಯಸ್ಸಿನ ಗುಮಾಸ್ತನಿಗೆ ಮಾರುಕಟ್ಟೆಯ ಬೀದಿಯಲ್ಲಿ ಕಾರು ಕಲಿಸುತ್ತಿದ್ದಳು. ಕನ್ನಡಕದ ಅಂಗಡಿ ದಾಟುವಾಗ ಎಡಗನ್ನಡಿಯಲ್ಲಿ ಕಂಡದ್ದೇನು? ತಮ್ಮ ಮತ್ತು ಗುಬ್ಬಿ ಅದೇ ಅಂಗಡಿಯ ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತಿದ್ದರು. ಬಾಗಿಲು ಹಿಡಿದುಕೊಂಡು, ಹಲ್ಲು ಬಿಟ್ಟುಕೊಂಡು ನಿಂತಿದ್ದವನು ಉದ್ದಣ್ಣ. ಆ ಅಂಗಡಿಯಲ್ಲಿ ಕೆಲಸ ಮಾಡುವವನು ಅವನೇ. ಗುಮಾಸ್ತ ಮುಂದಿನ ಕಸದ ತೊಟ್ಟಿಗೆ ನೇರವಾಗಿ ಗುದ್ದಿದ ಮೇಲೆಯೇ ಅಕ್ಕನಿಗೆ ಬ್ರೇಕಿನ ನೆನಪಾದದ್ದು.

"ನೀವು ಹೇಳ್ತೀರ ಅಂತ ಕಾಯ್ತಿದ್ದೆ ಮೇಡಂ," ಎಂದ ಪಾಪ ಆ ಗುಮಾಸ್ತ.

ಇಬ್ಬರಿಗೂ ಕಣ್ಣು ಚೆನ್ನಾಗಿದೆ. ಕನ್ನಡಕ ಯಾರಿಗೆ? ಸಂಜೆ ತಮ್ಮನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಈಚೆಗೆ ಅವನು ಫೋನ್ ಎತ್ತುವುದೇ ಇಲ್ಲ, ಆಮೇಲೆ ಒಂದು ಮೆಸೇಜ್ ಹಾಕುತ್ತಾನೆ. 'ಮನೆಯಲ್ಲೇ ಇದ್ದೆ ಅಕ್ಕ, ಮಲಗಿದ್ದೆ' ಎಂದು ಹಾಕಿದ.

ಆಗ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಕೆಂಪು ಪೆಡಲಾದರೆ ಗಿಟಾರಿನ ಜಾಗವನ್ನೆಲ್ಲ ಬೇಸೇ ತುಂಬುತ್ತದೆ, ಗಿಟಾರಿನವನಿಗೆ ಕೆಲಸವಿಲ್ಲ. ಕ್ಲೀನ್ ಜಾಸ್ತಿ ಇಟ್ಟರೆ ಬೇಸು ತಳದಲ್ಲೇ ಬಿದ್ದಿರುತ್ತದೆ, ಮೇಲೆ ಜಾಗ ಖಾಲಿ. ಅದನ್ನು ಖಾಲಿ ಇಡುತ್ತಿರುವುದು ಉದ್ದಣ್ಣನಿಗಾಗಿ! ಉದ್ದಣ್ಣ ಬಂದರೆ ತನ್ನನ್ನು ಹೊರಗೆ ಹಾಕಿದವಳನ್ನು ಇರಗೊಡುತ್ತಾನೆಯೇ? ಅವನಿಗೆ ಬೇಸೂ ನುಡಿಸಲು ಬರುತ್ತದೆ. ಕ್ರೀಡಾಂಗಣದ ಸಂಜೆಗೆ ಮುಂಚೆ ತನಗೆ ಕೈ ಕೊಡುತ್ತಾರೆ, ಇದು ಖಂಡಿತ ಎಂದು ಅಕ್ಕ ತೀರ್ಮಾನಿಸಿದಳು.

ಬೇರೆಯವರಿಗೆ ಬ್ಯಾಂಡ್ ವಾರಕ್ಕೊಮ್ಮೆಯ ಹವ್ಯಾಸ ಇರಬಹುದು. ಅವಳಿಗೆ ಆ ಬ್ಯಾಂಡ್ ಬಿಟ್ಟರೆ ಇನ್ನೇನಿದೆ? ಅಪ್ಪ ತೀರಿಕೊಂಡ ವರ್ಷ ಮಂಕಾಗಿ ಮೂಲೆ ಹಿಡಿದಿದ್ದ ತಮ್ಮನ ಕೈಗೆ ಡ್ರಮ್ಮಿನ ಕೋಲು ಕೊಟ್ಟು, ತಾನು ಬೇಸ್ ಕಲಿತು, ಇಬ್ಬರೇ ಕೂತು ಶುರು ಮಾಡಿದ್ದು. ವಾರವೆಲ್ಲ ಅಪರಿಚಿತರ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂರುವ ಅವಳು ಹಾಯಾಗಿ ಉಸಿರಾಡುತ್ತಿದ್ದದ್ದು ಭಾನುವಾರ ಮಧ್ಯಾಹ್ನ, ಅಭ್ಯಾಸ ನಡೆಯುವ ಮಹಡಿ ಕೋಣೆಯಲ್ಲಿ.

ಆ ಭಾನುವಾರ ಮಾತ್ರ ಅವಳು ಹಾಯಾಗಿರಲಿಲ್ಲ. ಕೆಳಗಿನ ಪುಸ್ತಕ ಬೈಂಡಿಂಗ್ ಅಂಗಡಿಗೆ ರಜೆ, ಮೆಟ್ಟಿಲಿಗೆಲ್ಲ ಅಂಟಿನ ವಾಸನೆ. ಮರದ ನೆಲದ ಆ ಕೋಣೆಯ ಬಾಗಿಲಿಗೆ ಬಂದವಳೇ ನಿಂತಳು. ಕಿಟಕಿಯ ಕೆಳಗಿರಬೇಕಾದ ಅವಳ ಆಂಪ್ ತಮ್ಮನ ಡ್ರಮ್ಸಿನ ಹಿಂದೆ, ಅವನ ಸ್ಟೂಲಿಗೆ ತಾಗಿಕೊಂಡು ಕೂತಿತ್ತು.

"ಇದನ್ನ ಯಾರು ಎತ್ತಿಟ್ಟಿದ್ದು?"

ತಮ್ಮ ಆ ಕಡೆ ತಿರುಗಿ ಡ್ರಮ್ಮಿನ ತಿರುಪು ಬಿಗಿ ಮಾಡುತ್ತಿದ್ದ. ತಲೆ ಎತ್ತಲಿಲ್ಲ.

"ನಾನೇ ಅಕ್ಕ," ಎಂದಳು ಗುಬ್ಬಿ ಓಡಿಬಂದು. "ಕಿಟಕಿ ಹತ್ತಿರ ಬಿಸಿಲು ಬೀಳುತ್ತೆ ಅಂತ."

ಬಿಸಿಲಂತೆ! ಆ ಕಿಟಕಿಯ ಎದುರಿಗೆ ಇರುವುದು ಪಕ್ಕದ ಕಟ್ಟಡದ ಗೋಡೆ. ಸೂರ್ಯ ಆ ಸಂದಿಯಲ್ಲಿ ಇಣುಕಿದ್ದನ್ನು ಕಂಡವರು ಯಾರೂ ಇಲ್ಲ. ಅಕ್ಕ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಸಾಕ್ಷಿ ಕೂಡಲಿ, ಆಮೇಲೆ ಹಿಡಿಯೋಣ.

ಸಾಕ್ಷಿಗೇನೂ ಬರವಿರಲಿಲ್ಲ. ತಮ್ಮ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತಿದ್ದ. ಯಾವತ್ತೂ ಇಲ್ಲದ್ದು. ಗಂಡಹೆಂಡತಿ ಮಾತಾಡುವಾಗ ಗುಬ್ಬಿ ಅವನ ಮುಖಕ್ಕೆ ಮುಖ ತಂದು, ತುಟಿ ಆಡಿಸಿ ಪಿಸುಗುಡುವವಳ ಹಾಗೆ ಮಾತಾಡುತ್ತಿದ್ದಳು. ಅಕ್ಕ ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು.

ಮೊದಲು ಕೆಂಪು ಪೆಡಲ್ ಹಾಕಿ ಒಂದು ಹಾಡು ನುಡಿಸಿದರು. ಅರ್ಧಕ್ಕೆ ಬರುವಷ್ಟರಲ್ಲಿ ತಮ್ಮನ ತಾಳ ಹಳಿ ತಪ್ಪಿತು. ಅವನು ಮುಂದೆ, ಬೇಸು ಹಿಂದೆ, ಹಾಡು ಎರಡರ ನಡುವೆ ಅನಾಥ. ಗುಬ್ಬಿ ಹಾಡುತ್ತಲೇ ಅವನ ಪಕ್ಕಕ್ಕೆ ಸರಿದು ಭುಜದ ಮೇಲೆ ಬೆರಳಲ್ಲಿ ತಟ್ಟತೊಡಗಿದಳು. ಆಮೇಲೆ ಕಪ್ಪನ್ನು ಹಾಕಿದರು. ಗುಬ್ಬಿಯೇ ಬಗ್ಗಿ ಎಡ ನಾಬನ್ನು ಏರಿಸಿದಳು. ತಮ್ಮ ಗೂಟ ಹೊಡೆದ ಹಾಗೆ ತಾಳಕ್ಕೆ ನಿಂತ.

ಕಪ್ಪಿಗೆ ಸರಿಯಾಗಿ ಬಾರಿಸುವವನು ಕೆಂಪಿಗೆ ತಪ್ಪುತ್ತಾನೆಂದರೆ? ಬೇಕೆಂದೇ ತಪ್ಪುತ್ತಿದ್ದಾನೆ. ಕೆಂಪನ್ನು ಕೆಡಿಸಿ ತೋರಿಸುವ ಮಸಲತ್ತು ಇದು.

"ಸರಿ," ಎಂದಳು ಅಕ್ಕ, ಸಕ್ಕರೆ ಸವರಿದ ದನಿಯಲ್ಲಿ. "ಬೆನ್ನುಪರೀಕ್ಷೆ ಮಾಡೇಬಿಡೋಣ."

ಬೆನ್ನುಪರೀಕ್ಷೆ ಅಪ್ಪ ಮಾಡಿದ ಕಟ್ಟಳೆ. ಅಪ್ಪ ಟ್ರಂಪೆಟ್ ಊದುತ್ತಿದ್ದವರು. ಸದ್ದು ಮಾಡುವ ಯಾವ ವಸ್ತು ಮನೆಗೆ ಬರಬೇಕಾದರೂ ಉಳಿದವರು ಗೋಡೆಗೆ ಮುಖ ಮಾಡಿ ಕೂರಬೇಕು, ಒಬ್ಬರು ಹಿಂದೆ ನಿಂತು ಒಂದೊಂದನ್ನೇ ನುಡಿಸಬೇಕು. ಇಷ್ಟವಾದದ್ದು ಬಂದಾಗ ಕೈ ಎತ್ತಬೇಕು. ಬಣ್ಣ ನೋಡುವಂತಿಲ್ಲ, ಮಾತಾಡುವಂತಿಲ್ಲ. ಮನೆಯ ಕರೆಗಂಟೆಯನ್ನೂ ಅಪ್ಪ ಹೀಗೇ ಆರಿಸಿದ್ದು. ಅಮ್ಮ ಕೈ ಎತ್ತಿ ಎತ್ತಿ ಸಾಕಾಗಿ, ಬಾಗಿಲು ಬಡಿದರೆ ಸಾಲದೇ ಎಂದಿದ್ದರಂತೆ.

ತಮ್ಮ ಮತ್ತು ಗುಬ್ಬಿ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತರು. ಅಕ್ಕ ಕೆಂಪು ಒತ್ತಿದಳು. ಕೈ ಏಳಲಿಲ್ಲ. ಬಿಳಿ ಒತ್ತಿದಳು. ಏಳಲಿಲ್ಲ. ಮತ್ತೆ ಕೆಂಪು, ಆಮೇಲೆ ಕಪ್ಪು. ಗುಬ್ಬಿಯ ಕೈ ಮೇಲೆ ಹೋಯಿತು, ತಮ್ಮನ ಕೈಯೂ ಹೋಯಿತು. ಅಕ್ಕ ನೋಡುತ್ತಿದ್ದದ್ದು ಕೈಯನ್ನಲ್ಲ. ಗುಬ್ಬಿಯ ಎಡಮೊಣಕೈ ಗಂಡನ ಪಕ್ಕೆಗೆ ಮೆತ್ತಗೆ ತಿವಿದದ್ದನ್ನು.

ಅಪ್ಪನ ಪರೀಕ್ಷೆಯಲ್ಲಿ ಮೋಸ! ಅಕ್ಕನ ಮೈ ಉರಿದುಹೋಯಿತು. ತನ್ನನ್ನು ಬ್ಯಾಂಡಿನಿಂದ ತೆಗೆಯುವುದಾದರೆ ತೆಗೆಯಲಿ, ಆದರೆ ಅಪ್ಪ ಇಟ್ಟುಹೋದ ಒಂದೇ ಒಂದು ಕಟ್ಟಳೆಯನ್ನು ಹೀಗೆ ಮೊಣಕೈಯಲ್ಲಿ ತಿವಿದು ಹಾಳುಮಾಡುವುದೇ?

"ಗುಬ್ಬಿ, ನನ್ನ ಗಂಟಲು ಒಣಗಿದೆ. ಮೂಲೆ ಅಂಗಡಿಯಿಂದ ಚಹಾ ತರ್ತೀಯಾ?"

ಗುಬ್ಬಿ ಎದ್ದು ಅನುಮಾನಿಸಿದಳು. "ಇವರನ್ನೂ ಕರ್ಕೊಂಡು ಹೋಗ್ಲಾ?"

"ಚಹಾ ತರೋಕೆ ಮೆರವಣಿಗೆ ಯಾಕೆ? ಅವನು ಇರ್ಲಿ. ಇನ್ನೊಂದು ಸಲ ಪರೀಕ್ಷೆ ಮಾಡ್ತೀನಿ."

ಗುಬ್ಬಿ ಗಂಡನ ಮುಂದೆ ಹೋಗಿ, "ಚಹಾ ತರ್ತೀನಿ. ಅಕ್ಕ ಇನ್ನೊಂದು ಸಲ ನುಡಿಸ್ತಾರೆ, ತಿರುಗಬೇಡಿ," ಎಂದು ಬಿಡಿಸಿ ಬಿಡಿಸಿ ಹೇಳಿದಳು, ಮಗುವನ್ನು ಮೊದಲ ದಿನ ಶಾಲೆಗೆ ಬಿಟ್ಟುಹೋಗುವ ತಾಯಿಯ ಹಾಗೆ. ಬಾಗಿಲಲ್ಲಿ ಮತ್ತೆ ತಿರುಗಿ ನೋಡಿದಳು. ಆ ಮುಖದ ಮೇಲಿದ್ದದ್ದು ಭಯ. ಸಿಕ್ಕಿಬಿದ್ದ ಕಳ್ಳಿಯ ಭಯ ಎಂದುಕೊಂಡಳು ಅಕ್ಕ.

ಗುಬ್ಬಿಯ ಹೆಜ್ಜೆ ಮೆಟ್ಟಿಲು ಇಳಿದು ಹೋಯಿತು. ತಮ್ಮ ನೆಟ್ಟಗೆ ಕೂತಿದ್ದ, ಬರಿಪಾದಗಳನ್ನು ನೆಲಕ್ಕೆ ಒತ್ತಿಕೊಂಡು. ಅಕ್ಕ ಕೆಂಪು ಪೆಡಲ್ ಒತ್ತಿ ನುಡಿಸಿದಳು. ಅದು ಹುಚ್ಚು ಹಿಡಿದ ಹಾಗೆ ಅರಚಿತು. ತಮ್ಮ ಅಲುಗಲಿಲ್ಲ. ಅವಳು ತಂತಿಯನ್ನು ಅಂಗೈಯಲ್ಲಿ ಹಿಡಿದು ಸದ್ದು ನಿಲ್ಲಿಸಿದಳು.

ಮುಖ ನೋಡಿಕೊಂಡು ಕೇಳಲಾಗದ ಮಾತು ಬೆನ್ನು ನೋಡಿದಾಗ ತಾನಾಗಿ ಬಂತು.

"ಎಷ್ಟು ದಿನದಿಂದ ನಡೀತಿದೆ ಇದು?"

ತಮ್ಮ ಮಾತಾಡಲಿಲ್ಲ.

"ನಿನ್ನೆ ಉದ್ದಣ್ಣನ ಅಂಗಡಿಗೆ ಹೋಗಿದ್ರಲ್ಲ, ನಾನು ನೋಡಲಿಲ್ಲ ಅಂದ್ಕೊಂಡ್ರಾ? ಮಲಗಿದ್ದೆಯಂತೆ! ನನ್ನನ್ನ ತೆಗೀಬೇಕು ಅಂತಿದ್ರೆ ಬಾಯಿಬಿಟ್ಟು ಹೇಳೋಕೆ ಏನಾಗಿದೆ ನಿನಗೆ? ಬಿಸಿಲಂತೆ, ಕ್ಲೀನಂತೆ, ಮೊಣಕೈಯಲ್ಲಿ ತಿವಿಯೋದಂತೆ. ಹೆಂಡತಿ ಕುಣಿಸಿದ ಹಾಗೆ ಕುಣೀತಿದ್ದೀಯಲ್ಲ, ನಾಚಿಕೆ ಆಗಲ್ವಾ?"

ಬೆನ್ನು ಹಾಗೇ ಇತ್ತು. ಆ ಮೌನ ಅವಳನ್ನು ಇನ್ನಷ್ಟು ಕೆರಳಿಸಿತು.

"ಆ ಕೋಲು ನಿನ್ನ ಕೈಗೆ ಕೊಟ್ಟಿದ್ದು ನಾನು. ಅಪ್ಪ ಹೋದಾಗ ಊಟ ಬಿಟ್ಟು ಬಿದ್ದಿದ್ದೆಯಲ್ಲ, ಆಗ ನಿನ್ನ ಪಕ್ಕ ಯಾರು ಕೂತಿದ್ರು? ಹೋಗು. ನಿನಗೆ ಅಕ್ಕ ಬೇಡ ಅಂದ್ರೆ ನನಗೂ ತಮ್ಮ ಇಲ್ಲ ಅಂದ್ಕೊಳ್ತೀನಿ. ಕೇಳಿಸ್ತಾ? ನನಗೆ ತಮ್ಮ ಇಲ್ಲ!"

ಹೇಳಿಬಿಟ್ಟಳು. ಈಗ ತಿರುಗುತ್ತಾನೆ, ಈಗ ಎದ್ದು ಕೂಗಾಡುತ್ತಾನೆ ಎಂದು ಬೇಸನ್ನು ಎದೆಗೆ ಅವುಚಿಕೊಂಡು ನಿಂತಳು.

ತಮ್ಮ ಗೋಡೆಗೆ ಮುಖ ಮಾಡಿಕೊಂಡೇ, ತಾಳ್ಮೆಯಿಂದ, ಸ್ವಲ್ಪ ನಗುತ್ತ ಹೇಳಿದ:

"ಶುರು ಮಾಡಕ್ಕ. ಎಷ್ಟು ಹೊತ್ತು ಶ್ರುತಿ ಮಾಡ್ತೀಯ?"

ಕೊಬ್ಬು, ಎಂದುಕೊಂಡಳು ಅಕ್ಕ ಮೊದಲು. ಇಷ್ಟೆಲ್ಲ ಬೈದ ಮೇಲೂ ಅಣಕವೇ? ಆದರೆ ಅವಳ ಕಣ್ಣು ಹಳೇ ಅಭ್ಯಾಸದಂತೆ ಅವನ ಕಿವಿಗೆ ಹೋಗಿತ್ತು. ಎರಡೂ ಕಿವಿ ಹಿಂದಿನಿಂದ ಚೆನ್ನಾಗಿ ಕಾಣುತ್ತಿದ್ದವು. ಹೆತ್ತವಳು ಬೈದರೂ, ಮೇಷ್ಟ್ರು ಬೈದರೂ, ಬೀದಿಯವರು ಬೈದರೂ ರಂಗೇರುತ್ತಿದ್ದ ಆ ಕಿವಿಗಳು ತಣ್ಣಗೆ, ಇದ್ದ ಬಣ್ಣದಲ್ಲೇ ಇದ್ದವು. ಆ ಕಿವಿಗಳಿಗೆ ಯಾರೂ ಏನೂ ಹೇಳಿರಲೇ ಇಲ್ಲ.

"ಶುರು ಮಾಡು" ಅಂದನಲ್ಲ. ಹಾಗಾದರೆ ಕೆಂಪು ಪೆಡಲ್ ಅರಚಿದ್ದು?

"ತಮ್ಮಾ," ಎಂದಳು. ಆಮೇಲೆ ಜೋರಾಗಿ, "ತಮ್ಮಾ!"

ಅವನು ಕುತ್ತಿಗೆ ತುರಿಸಿಕೊಂಡ. ಕಾಯುತ್ತಿದ್ದ.

ಎತ್ತದ ಫೋನು, ಮುಖಕ್ಕೆ ಮುಖ ತಂದು ಆಡಿದ ಮಾತು, ಭುಜದ ಮೇಲೆ ತಟ್ಟಿದ ಬೆರಳು, ಆಂಪಿನ ಮೇಲೆ ಊರಿದ ಅಂಗೈ. ಕನ್ನಡಿಯಲ್ಲಿ ಎಲ್ಲವನ್ನೂ ಕಂಡಿದ್ದಳು. ಒಂದನ್ನೂ ನೋಡಿರಲಿಲ್ಲ. ಕಪ್ಪು ಪೆಡಲ್ ಒತ್ತಿದಳು. ಬಗ್ಗಿ, ಬಲಗಡೆಯ ಅರಚಾಟವನ್ನು ಪೂರ್ತಿ ಇಳಿಸಿ, ಎಡಗಡೆಯ ಕ್ಲೀನನ್ನು ಪೂರ್ತಿ ಏರಿಸಿ, ಎಲ್ಲಕ್ಕಿಂತ ದಪ್ಪ ತಂತಿಯನ್ನು ಒಮ್ಮೆ ಮೀಟಿದಳು.

ನೆಲದ ಹಲಗೆಗಳು ಗುಂಯ್ ಎಂದವು. ತಮ್ಮನ ಕೈ ತಕ್ಷಣ ಮೇಲೆ ಹೋಯಿತು. ಪಕ್ಕದಲ್ಲಿ ತಿವಿಯುವ ಮೊಣಕೈ ಇರಲಿಲ್ಲ.

"ಇದು! ಇದೇ ಅಕ್ಕ," ಎಂದ ಅವನು ಗೋಡೆಗೆ. ದನಿಯಲ್ಲಿ ಮಗುವಿನ ಖುಷಿ ಇತ್ತು.

ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. ಚಹಾದ ಲೋಟಗಳ ತಟ್ಟೆ ಅವಳ ಕೈಯಲ್ಲಿತ್ತು. ಅಕ್ಕನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಗಿಹೋಯಿತು.

"ಯಾವಾಗಿಂದ?" ಎಂದಳು ಅಕ್ಕ.

"ಚಳಿ ಶುರುವಾದಾಗಿಂದ ಅಕ್ಕ. ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ಮೇಲಿನ ಸದ್ದೆಲ್ಲ ಹೋಗಿದೆ. ಭಾರದ ಸದ್ದು ಮಾತ್ರ ಒಂಚೂರು ಉಳಿದಿದೆ. ಅದೂ ಕಿವಿಗಿಂತ ಕಾಲಿಗೇ ಚೆನ್ನಾಗಿ ಗೊತ್ತಾಗುತ್ತಂತೆ. ನಿಮ್ಮ ಬೇಸ್ ನೆಲದಲ್ಲಿ ಬಂದ್ರೆ ಇವರು ತಾಳ ತಪ್ಪಲ್ಲ. ಉದ್ದಣ್ಣನ ಅಂಗಡಿ ಒಳಗಡೆ ಕೋಣೇಲಿ ಕಿವಿ ಪರೀಕ್ಷೆ ಮಾಡ್ತಾರೆ. ಕಿವಿಗೆ ಮಷೀನು ಹಾಕೋಕಾಗುತ್ತಾ ಅಂತ ನಿನ್ನೆ ಅಲ್ಲಿಗೆ ಹೋಗಿದ್ವಿ."

"ನನಗೆ ಯಾಕೆ ಹೇಳಲಿಲ್ಲ? ನಾನೇನು ಹೊರಗಿನವಳಾ?"

ಗುಬ್ಬಿ ತಟ್ಟೆಯನ್ನು ಕೆಳಗಿಟ್ಟಳು. ಇಷ್ಟು ದಿನ ನಕ್ಕು ತೇಲಿಸಿದವಳು ಈಗ ನಗಲಿಲ್ಲ.

"ಉದ್ದಣ್ಣನನ್ನ ಕಳಿಸಿದ ದಿನ ನೀವು ಏನಂದ್ರಿ ಹೇಳ್ಲಾ? 'ತಾಳಕ್ಕೆ ನಿಲ್ಲದವನಿಗೆ ನನ್ನ ಬ್ಯಾಂಡಲ್ಲಿ ಜಾಗ ಇಲ್ಲ, ಅವನು ನನ್ನ ಒಡಹುಟ್ಟಿದವನಾದ್ರೂ ಅಷ್ಟೇ' ಅಂದ್ರಿ. ಆಗಲೇ ಇವರಿಗೆ ಅರ್ಧ ಕೇಳಿಸ್ತಿರಲಿಲ್ಲ. ಆ ಮಾತು ಮಾತ್ರ ಪೂರ್ತಿ ಕೇಳಿಸ್ತು."

ಅಕ್ಕ ಬೇಸಿನ ಪಟ್ಟಿಯನ್ನು ಭುಜದಿಂದ ಕಳಚಿದಳು.

"ಇನ್ನೊಂದು ಹೇಳ್ತೀನಿ, ಬೈಯೋದಾದ್ರೆ ಬೈರಿ. ಆ ಎರಡು ಕಾರ್ಯಕ್ರಮದಲ್ಲೂ ತಾಳ ತಪ್ಪಿದ್ದು ಉದ್ದಣ್ಣ ಅಲ್ಲ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ಹೋದ. 'ನನ್ನನ್ನ ತೆಗೆದ್ರೆ ನನಗೆ ಇನ್ನೊಂದು ಬ್ಯಾಂಡ್ ಸಿಗುತ್ತೆ, ಇವನನ್ನ ತೆಗೆದ್ರೆ ಇವನಿಗೆ ಏನು ಸಿಗುತ್ತೆ' ಅಂದ."

ಅಕ್ಕ ಕೂತುಬಿಟ್ಟಳು, ಅಲ್ಲೇ ನೆಲದ ಮೇಲೆ, ಬೇಸ್ ತೊಡೆಯ ಮೇಲಿರುವಂತೆಯೇ. ತನ್ನನ್ನು ತೆಗೆಯುತ್ತಾರೆಂದು ಅವಳು ಎರಡು ದಿನ ಬೆಂದಿದ್ದಳು. ಅಕ್ಕ ತನ್ನನ್ನು ತೆಗೆಯುತ್ತಾಳೆಂದು ಅವನು ಚಳಿಗಾಲವಿಡೀ ಬೆಂದಿದ್ದ. ಅವಳಿಗೆ ಅಳು ಬಂತು. ತಡೆದುಕೊಳ್ಳಲಿಲ್ಲ.

ಸದ್ದಿಗೆ ಕಾದು ಕಾದು ಬೇಸತ್ತ ತಮ್ಮ ಕೊನೆಗೂ ಕಟ್ಟಳೆ ಮುರಿದು ತಿರುಗಿದ. ಅಕ್ಕನ ಮುಖ, ಹೆಂಡತಿಯ ಮುಖ, ಮತ್ತೆ ಅಕ್ಕನ ಮುಖ ನೋಡಿದ. ಅವನ ನಗು ಮೆಲ್ಲಗೆ ಆರಿತು.

"ಗೊತ್ತಾಯ್ತಾ?" ಎಂದ.

ಅಕ್ಕ ತಲೆಯಾಡಿಸಿದಳು. ಎದ್ದು ಹೋಗಿ ಅವನ ಎದುರಿಗೆ, ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ಕೂತಳು.

"ನಾನು ಆ ಕಡೆ ತಿರುಗಿದ್ದಾಗ ನೀನು ಏನಾದ್ರೂ ಅಂದೆಯಾ ಅಕ್ಕ?"

ಇಲ್ಲ ಎಂದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಬೈದೆ," ಎಂದಳು ತುಟಿ ಬಿಡಿಸಿ. "ಬಾಯಿಗೆ ಬಂದ ಹಾಗೆ ಬೈದೆ. ಆಡಬಾರದ್ದು ಆಡಿದೆ. ತಪ್ಪಾಯ್ತು."

ತಮ್ಮ ಅವಳ ತುಟಿಗಳನ್ನೇ ನೋಡುತ್ತಿದ್ದ. ಅವನ ಕಿವಿಗಳಿಗೆ ನಿಧಾನವಾಗಿ ಕೆಂಪೇರಿತು, ಮೊದಲು ತುದಿ, ಆಮೇಲೆ ಪೂರ್ತಿ. ಅದನ್ನು ಕಂಡು ಅಕ್ಕನಿಗೆ ಅಳುವಿನ ನಡುವೆಯೇ ನಗು ಬಂತು.

"ಪುಣ್ಯಕ್ಕೆ ತಪ್ಪಿಸಿಕೊಂಡೆ," ಎಂದ ಅವನು. "ಕಿವಿ ಹೋಗಿದ್ದಕ್ಕೆ ಇದೊಂದೇ ಲಾಭ. ಕ್ರೀಡಾಂಗಣಕ್ಕೆ ನಾನು ಬರ್ಲಾ, ಬೇಡ್ವಾ? ನೇರವಾಗಿ ಹೇಳಿಬಿಡು."

"ನೀನಿಲ್ಲದೆ ನಾನು ಯಾವ ಕ್ರೀಡಾಂಗಣಕ್ಕೆ ಹೋಗ್ಲಿ? ಅಲ್ಲಿ ವೇದಿಕೆ ಮರದ್ದೋ ಸಿಮೆಂಟಿನದ್ದೋ ಅಂತ ಮೊದಲು ವಿಚಾರಿಸಬೇಕು. ಸಿಮೆಂಟಾದ್ರೆ ಹಲಗೆ ಹಾಕಿಸ್ತೀನಿ. ನಾಳೆ ಕನ್ನಡಕದ ಅಂಗಡಿಗೂ ಹೋಗಬೇಕು. ಅವನು ನನ್ನ ಮುಖ ನೋಡ್ತಾನೋ ಬಾಗಿಲು ಹಾಕ್ತಾನೋ, ನೋಡೋಣ."

"ನಿಮಗೂ ಒಂದು ಕನ್ನಡಕ ಹಾಕಿಸಿ ಕಳಿಸ್ತಾನೆ," ಎಂದಳು ಗುಬ್ಬಿ ಮೂಗು ಒರೆಸಿಕೊಳ್ಳುತ್ತ.

ಚಹಾ ತಣ್ಣಗಾಗಿತ್ತು. ಮೂವರೂ ಅದನ್ನೇ ಕುಡಿದರು. ಕೆಂಪು ಮತ್ತು ಬಿಳಿ ಪೆಡಲುಗಳನ್ನು ಗುಬ್ಬಿ ಬಟ್ಟೆಯಲ್ಲಿ ಸುತ್ತಿ ಮಾಮನಿಗೆ ವಾಪಸ್ ಕೊಡಲು ತೆಗೆದಿಟ್ಟಳು. ಅಕ್ಕ ಆಂಪನ್ನು ತಮ್ಮನ ಸ್ಟೂಲಿಗೆ ಇನ್ನೂ ಒಂದು ಗೇಣು ಹತ್ತಿರ ತಳ್ಳಿ, ತಾನೂ ಚಪ್ಪಲಿ ಬಿಟ್ಟಳು. ಕಪ್ಪು ಪೆಡಲಿನ ಎದುರು ಕುಕ್ಕರಗಾಲಲ್ಲಿ ಕೂತು ಎಡ ನಾಬನ್ನು ಕಡೆಯವರೆಗೂ ಏರಿಸಿದಳು. ಬಲ ನಾಬನ್ನು ಸ್ವಲ್ಪ ಸ್ವಲ್ಪವಾಗಿ ತೆರೆಯುತ್ತ, ಒಂದೊಂದು ಸಲವೂ ತಮ್ಮನ ಮುಖ ನೋಡಿ, ಅವನು ಸಾಕು ಎಂದಲ್ಲಿ ನಿಲ್ಲಿಸಿದಳು.

ಆಮೇಲೆ ಕೇಬಲ್ ಸುತ್ತುವ ಕಪ್ಪು ಟೇಪನ್ನು ಹಲ್ಲಲ್ಲಿ ಹರಿದು, ಎಡ ನಾಬಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ಬಿಗಿದು ಅಂಟಿಸಿದಳು.

"ಅದ್ಯಾಕೆ ಅಕ್ಕ?" ಎಂದಳು ಗುಬ್ಬಿ. "ಅದನ್ನ ನಾವ್ಯಾರೂ ಮುಟ್ಟಲ್ಲ."

"ನೀವು ಮುಟ್ಟಲ್ಲ ಅಂತ ಗೊತ್ತು," ಎಂದಳು ಅಕ್ಕ, ಟೇಪಿನ ಮೇಲೆ ಹೆಬ್ಬೆರಳನ್ನು ಇನ್ನೊಮ್ಮೆ ಒತ್ತುತ್ತ. "ನನಗೆ ನಂಬಿಕೆ ಇಲ್ಲದಿರೋದು ನನ್ನ ಮೇಲೆ."